ಪಕ್ಕದ ಸೀಟಿನ ಕಡೆ

ಬಿಂದು,

ಇದನ್ನ ಕಳಿಸಲ್ಲ, ಆದ್ರೂ ಕೇಳು. ಇವತ್ತು ಹಳೇ ಓಪನ್ ಜೀಪನ್ನ ಇಲ್ಲೇ ಹತ್ರದ ಕರೂರಿನ ಗ್ಯಾರೇಜಿಗೆ ಒಯ್ದಿದ್ದೆ. ಹರಿಹರದ ರೋಡಲ್ಲಿ ತಿರುವು ಬಂದ್ರೆ ಸಾಕು, ತೊಟ್ಟಿಲ ಥರ ತೂಗ್ತೈತೆ.

"ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕಿದ್ರೆ ತೂಗಾಟ ನಿಲ್ತೈತೆ. ಆದ್ರೆ ಗುಂಡಿಗೆ ಇಳಿದಾಗ ಸೀದಾ ಬೆನ್ನಿಗೇ ಹೊಡೀತೈತೆ," ಅಂದ್ರು ಮೆಕಾನಿಕ್ ಕೆಂಚಣ್ಣ.

ನಿನ್ನ ಸೊಂಟನೋವು ನೆನಪಾಯ್ತು. ಜಗಳ ಆಡಿ ಮಾತು ಬಿಟ್ಟೋಳ ಸೊಂಟ ಕಟ್ಕೊಂಡು ನನಗೇನಾಗ್ಬೇಕು? ಆದ್ರೂ ಬಾಯಿಗೆ ಬಂದೇಬಿಡ್ತು: "ನನ್ನ ಕಡೆ ಗಟ್ಟೀದು ಹಾಕ್ರಿ, ಪಕ್ಕದ ಸೀಟಿನ ಕಡೆ ಮೆತ್ತಂದೇ ಇರ್ಲಿ."

"ಹಂಗೆ ಹಾಕಾಕೆ ಬರಲ್ಲಕ್ಕ, ಗಾಡಿ ಒಂದು ಕಡೆಗೆ ಎಳೀತೈತೆ. ಪಕ್ಕದಾಗೆ ಯಾರು ಕೂಡ್ತಾರೆ?"

ಯಾರೂ ಇಲ್ಲ ಅನ್ನೋ ಬದಲು, "ಹಂಗಾದ್ರೆ ಬ್ಯಾಡ ಬಿಡ್ರಿ, ಇದ್ದದ್ದೇ ಇರ್ಲಿ," ಅಂದೆ. ಜೀಪು ಹಂಗೇ ವಾಪಸ್ ತಂದೀನಿ. ದಾರಿಯುದ್ದಕ್ಕೂ ತೂಗ್ತು.