ಹೆಸರು ಕರೆದರೆ ಓಗೊಡದ ಹುಡುಗಿ

ಮೋಸುಲ್

ಇಬ್ತಿಹಾಲ್ ಟೀಚರ್ ಅವರಿಗೆ, ನಿಮ್ಮ ಒಂದನೇ ಕ್ಲಾಸಿನ ರಹಫಳ ಅತ್ತೆ ನಝೀಹಾ ಮಾಡುವ ಸಲಾಮು.

ನೀವು ಹಾಜರಿ ಕೂಗುತ್ತಿದ್ದಿರಿ, ರಹಫಳ ತುಟಿಗಳನ್ನು ಯಾರೋ ಹೊಲಿದುಬಿಟ್ಟಿದ್ದರು. ಹೀಗೊಂದು ಕನಸು ಬಿದ್ದು ಎದ್ದು ಕೂತೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬರೆದದ್ದರಲ್ಲಿ ತಪ್ಪಿದ್ದರೆ ಮನ್ನಿಸಿ.

ಮಗು ಕಿವುಡಿಯಲ್ಲ. ಊರನ್ನು ಹಿಡಿದಿದ್ದ ಆ ಕರಿಬಟ್ಟೆಯ ಬಂದೂಕಿನವರು ಬಾಗಿಲ ಮುಂದೆ ನಿಂತು ಹೆಸರು ಹಿಡಿದು ಕೂಗುತ್ತಿದ್ದ ಕಾಲದಲ್ಲಿ ಅವಳಿಗೆ ಮೂರು ವರ್ಷ. ನಮ್ಮಣ್ಣ, ಅಂದರೆ ಅವಳ ಅಪ್ಪ, ಮರ್ಯಾದಸ್ಥ. "ಇದ್ದೀನಿ, ಬಂದೆ" ಅಂದ. ಹೋದವನು ತಿರುಗಿ ಬರಲಿಲ್ಲ. ಆಮೇಲೆ ಅವಳಿಗೆ ಮನೆಯವರೆಲ್ಲ ಹೇಳಿಕೊಟ್ಟಿದ್ದು ಒಂದೇ: "ಯಾರು ಕೂಗಿದ್ರೂ ಓ ಅನ್ಬೇಡ ಕಣೇ." ಆ ಪಾಠ ಮಾತ್ರ ಚೆನ್ನಾಗಿ ಕಲಿತಿದ್ದಾಳೆ.

ಮೊನ್ನೆ ಹಾಜರಿಗೆ ಅವಳು ಮಾತಾಡದಿದ್ದಾಗ, "ಏ ಕಲ್ಲುಗೊಂಬೆ, ನಿಮ್ಮತ್ತೆ ನಿನ್ನ ನಾಲಿಗೇನ ಸಾರಿಗೆ ಹಾಕಿದ್ಲಾ?" ಎಂದಿರಂತೆ. ಮಕ್ಕಳೆಲ್ಲ ನಕ್ಕರಂತೆ. ನಗಲಿ, ಅವರೂ ಮಕ್ಕಳೇ.

ಅವಳನ್ನು ಕಿವುಡರ ಶಾಲೆಗೆ ಕಳಿಸಲು ಕಾಗದ ಸಿದ್ಧವಾಗಿದೆ ಎಂದು ಕೇಳಿದೆ. ಸಹಿ ಹಾಕುವ ಮೊದಲು ಅವಳ ಬೆನ್ನ ಹಿಂದೆ ನಿಂತು ಒಂದು ಸೀಮೆಸುಣ್ಣದ ಚೂರು ಕೆಳಗೆ ಬೀಳಿಸಿ. ಆ ಸದ್ದಿಗೆ ಬೆಚ್ಚಿ ಮಗು ಬೆಂಚಿನಡಿ ನುಗ್ಗಿದರೆ, "ಕಿವಿ ಕೇಳಿಸುವುದಿಲ್ಲ" ಎಂದು ಬರೆದಿರುವ ಸಾಲನ್ನು ದಯವಿಟ್ಟು ಇನ್ನೊಮ್ಮೆ ನೋಡಿ.

ಇತಿ,
ನಝೀಹಾ