ಡಾ. ಸೋಮಯ್ಯನ ಏಳು ಲೇಖನಗಳು ಮತ್ತು ನಿಮ್ಮ ‘ಇಲ್ಲ’

ಮಾನ್ಯ ಕುಲಸಚಿವರೇ,

ಈಗ ಸಂಜೆ ಆರೂಕಾಲು. ಬೆಳಿಗ್ಗೆ ಬೂಕನಕೆರೆಯ ಡೇರಿಗೆ ಹಾಲು ಹಾಕಿ ಬಸ್ಸು ಹತ್ತಿದವಳು, ಮಧ್ಯಾಹ್ನವೆಲ್ಲ ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತಿದ್ದು ಈಗಷ್ಟೇ ಮನೆಗೆ ಬಂದಿದ್ದೇನೆ. ನಿಮ್ಮ ವಿಶ್ವವಿದ್ಯಾನಿಲಯ ಈ ೧೯೯೬ರಲ್ಲಿ ಹೊರತರಲಿರುವ ಸಂಶೋಧಕರ ಕೈಪಿಡಿಯ ಕರಡಿನಲ್ಲಿ, ಹೋದ ಫೆಬ್ರವರಿಯಲ್ಲಿ ತೀರಿಕೊಂಡ ನನ್ನ ತಮ್ಮ ಡಾ. ಸೋಮಯ್ಯನ ಹೆಸರಿನ ಮುಂದೆ ‘ಪ್ರಕಟಣೆಗಳು: ಇಲ್ಲ’ ಎಂದು ಬರೆದಿದ್ದೀರಿ. ಅದು ಸುಳ್ಳು.

ನಾನು ಓದಿದ್ದು ಏಳನೇ ತರಗತಿ. ಅವನು ಹೇಳಿದ್ದರಲ್ಲಿ ತಿಳಿದಷ್ಟನ್ನು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಲೋಕದ ಎಲ್ಲ ವಸ್ತುವಿನೊಳಗೂ ಪ್ರೋಟಾನ್ ಎಂಬ ಕಣವಿದೆಯಂತೆ. ಅದು ಎಂದಾದರೂ ತಾನಾಗಿ ಒಡೆಯುತ್ತದೆಯೇ ಎಂದು ಕಾಯುವುದು ಅವನ ಕೆಲಸ. ಚಿನ್ನದ ಗಣಿಯೊಂದರ ತಳದಲ್ಲಿ, ಕಬ್ಬಿಣದ ತಟ್ಟೆಗಳ ರಾಶಿಯ ಪಕ್ಕ, ಇಪ್ಪತ್ತೇಳು ಮಂದಿ ಹನ್ನೊಂದು ವರ್ಷ ಕಾದರು. ಒಡೆಯಲಿಲ್ಲ. ಎಷ್ಟು ಕಾದೆವು, ಹೇಗೆ ಕಾದೆವು, ಏನು ಕಾಣಲಿಲ್ಲ ಎಂದು ಏಳು ಲೇಖನ ಬರೆದರು. ವಿದೇಶದ ಪತ್ರಿಕೆಗಳು ಅಚ್ಚು ಹಾಕಿದವು.

ಆ ಏಳನ್ನೂ ಇವತ್ತು ನಿಮ್ಮ ಗುಮಾಸ್ತರ ಮುಂದಿಟ್ಟೆ. ಅವನ ಹೆಸರಿನ ಮೇಲೆಲ್ಲ ಕುಂಕುಮವಿತ್ತು. ಆಯುಧಪೂಜೆಗೆ ನಮ್ಮಲ್ಲಿ ನೇಗಿಲಿಗೆ, ಕುಡುಗೋಲಿಗೆ ಇಡುತ್ತೇವೆ. ಅವನ ಆಯುಧ ಇವೇ ಎಂದು ಇವಕ್ಕೂ ಇಟ್ಟಿದ್ದೆ.

“ಏನಮ್ಮ, ಮದುವೆಗೆ ಜಾತಕ ತಂದ್ಯಾ?” ಎಂದರು ಗುಮಾಸ್ತರು. ಪಕ್ಕದವರು ನಕ್ಕರು. “ಮೊದಲ್ನೇ ಹೆಸ್ರು ಇವ್ರುದ್ದಲ್ಲ. ಅದೂ ಸಾಲ್ದು ಅಂತ, ಏನೂ ಸಿಗ್ಲಿಲ್ಲ ಅಂತ ಇವ್ರೇ ಬರ್ಕೊಂಡವ್ರೆ. ಸಿಗ್ದೇ ಇದ್ದಿದ್ದನ್ನ ಎಲ್ಲಿ ಅಂತ ಸೇರ್ಸನಮ್ಮ?”

ಮೊದಲ ಹೆಸರಿನ ಮಾತಿಗೆ ಬರುತ್ತೇನೆ. ನಾನೂ ಒಂದು ಸಲ ಅದನ್ನೇ ಕೇಳಿದ್ದೆ. ನಾಟಿಯ ದಿನ, ಗದ್ದೆಯ ಬದುವಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು.

“ಏನ್ಲಾ ಸೋಮ, ನಿನ್ನೆಸ್ರು ಇಪ್ಪತ್ತೆರಡನೇದು. ಅಷ್ಟು ಹಿಂದಕ್ಕೆ ಯಾಕ್ಲಾ ತಳ್ಬುಟ್ಟವ್ರೆ?”

“ಯಾರೂ ತಳ್ಳಿಲ್ಲ ಕಣಕ್ಕ. ಇಂಗ್ಲಿಷ್ ಅಕ್ಷರದ ಸಾಲ್ನಲ್ಲಿ ನಿಂತಿವ್ನಿ. ಯಶೋದಮ್ಮ ಅಂತ ನೀನ್ ಬಂದಿದ್ರೆ ನನ್ಗಿಂತ್ಲೂ ಹಿಂದೆ! ನಮ್ಮ ಮುಯ್ಯಾಳು ಇದ್ದಂಗೆ ಅಂತ ತಿಳ್ಕೊ.”

ಮುಯ್ಯಾಳು ಎಂದರೆ ಇಂದು ಅವರ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ಅವರು. ಇಪ್ಪತ್ತು ಜನ ಒಂದೇ ಸಾಲಿನಲ್ಲಿ ಬಗ್ಗಿ ಪೈರು ನೆಡುತ್ತಾರೆ. ಸಾಲಿನ ತುದಿಯಲ್ಲಿದ್ದವಳು ಮಾತ್ರ ನೆಟ್ಟಳು, ಮಿಕ್ಕವರು ಕೆಸರು ತುಳಿದರು ಎಂದು ನಮ್ಮೂರಿನ ಹುಚ್ಚನೂ ಹೇಳುವುದಿಲ್ಲ. ಅದನ್ನು ಹೇಳುವುದಕ್ಕೆ ಎಷ್ಟು ಪದವಿ ಬೇಕು, ಸ್ವಾಮಿ?

ಇನ್ನು ಸಿಗಲಿಲ್ಲ ಎಂಬ ಮಾತು. ಹುಡುಕಿ ಸಿಗದಿರುವುದೂ ಹುಡುಕದೇ ಇರುವುದೂ ನಿಮ್ಮಲ್ಲಿ ಒಂದೇ ಏನು? ‘ಇಲ್ಲ’ ಎಂದು ಬರೆಯುವುದಕ್ಕೆ ನನ್ನ ತಮ್ಮ ಹನ್ನೊಂದು ವರ್ಷ ತೆಗೆದುಕೊಂಡ. ಬರೆದ ಮೇಲೂ, “ಇನ್ನೊಂದ್ ದಪ ನೋಡ್ಬೇಕಾಗಿತ್ತು ಕಣಕ್ಕ” ಎಂದು ಊಟ ಬಿಟ್ಟು ಎದ್ದ. ನಿಮ್ಮ ಕಚೇರಿ ಅದೇ ಪದವನ್ನು ಒಂದು ಹಾಳೆಯನ್ನೂ ತಿರುವದೆ ಬರೆದು ಮುಗಿಸಿದೆ. ಇದರಲ್ಲಿ ಸಂಶೋಧನೆ ಮಾಡಿದವರು ಯಾರು?

ಅವನಿಗೆ ಮಕ್ಕಳಿಲ್ಲ. ಮನೆ ಕಟ್ಟಿಸಲಿಲ್ಲ. ಅವನು ಬದುಕಿದ್ದ ಎನ್ನುವುದಕ್ಕೆ ಆ ಏಳು ಲೇಖನ ಬಿಟ್ಟರೆ ನನ್ನ ದಿನಚರಿ ಮಾತ್ರ ಇದೆ. ದಿನಚರಿಯನ್ನು ಯಾರೂ ಓದುವುದಿಲ್ಲ. ನಿಮ್ಮ ಕೈಪಿಡಿಯನ್ನು ಓದುತ್ತಾರೆ.

ಆದ್ದರಿಂದ ಆ ಪದವನ್ನು ಹೊಡೆದುಹಾಕಿ. ಏಳು ಲೇಖನಗಳ ಹೆಸರನ್ನೂ, ಬರೆದ ಇಪ್ಪತ್ತೇಳು ಮಂದಿಯ ಹೆಸರನ್ನೂ ಅಚ್ಚು ಹಾಕಿ. ನಾನು ಕೇಳುತ್ತಿರುವುದು ದಯೆಯನ್ನಲ್ಲ.

ಈ ಪತ್ರದ ಒಂದು ಪ್ರತಿ ಪತ್ರಿಕೆಗೆ ಹೋಗುತ್ತದೆ. ಇನ್ನೊಂದನ್ನು ನಾನೇ ತರುತ್ತೇನೆ. ನಾಳೆ ಬುಧವಾರ, ನಿಮ್ಮ ಕಚೇರಿ ಹತ್ತೂವರೆಗೆ ತೆರೆಯುತ್ತದೆ.

ಇಂತಿ,
ಈ ವಯಸ್ಸಿನಲ್ಲಿ ಜಗಳ ಕಲಿತ
ಯಶೋದಮ್ಮ, ಬೂಕನಕೆರೆ