ಕುಂಬಳದೊಳಗೆ ಬಿತ್ತನೆ ಕಾಳು

ಜನೆಲ್,

ನೀನು ಹೊಲಿದ ಬಟ್ಟೆ ಕುಂಬಳಗಳಲ್ಲಿ ಒಂದರ ತಳ ಬಿಚ್ಚಿ ಕಾಳು ಉದುರಿತು. ಭಾರಕ್ಕೆಂದು ನೀನು ತುಂಬಿರುವುದು ಕೋಳಿಗೆ ಹಾಕುವ ಮೆಕ್ಕೆಜೋಳವಲ್ಲ ಕಣೇ, ಬಿತ್ತನೆಯದು! ಹುಳ ಹಿಡಿಯದಂತೆ ಬಳಿದ ಆ ಗುಲಾಬಿ ಬಣ್ಣವೆಲ್ಲ ವಿಷ. ಗಂಡನನ್ನು ಒಂದು ಮಾತು ಕೇಳಲು ನಾಲಿಗೆ ಸವೆಯುತ್ತಿತ್ತೇ?

ಚರ್ಚಿನ ಮಾರಾಟಕ್ಕೆ ಒಂದೂ ಹೋಗಕೂಡದು. ಕೈಗವಸು ಹಾಕಿಕೊಂಡು ಎಲ್ಲವನ್ನೂ ಚೀಲಕ್ಕೆ ತುಂಬಿ ಕಟ್ಟಿಡು. ಒಲೆಗೆ ಹಾಕಬೇಡ, ಹೊಗೆಯೂ ವಿಷವೇ. ಅಷ್ಟು ಚೆಂದದ ಹೊಲಿಗೆ ಹಾಳಾಯಿತೆಂದು ನನಗೂ ಹೊಟ್ಟೆ ಉರಿಯುತ್ತಿದೆ.

ನಮ್ಮ ಸೊಸೆ ಹೊಲಿದದ್ದೆಂದು ಜಂಬಪಟ್ಟು ನಿನ್ನೆ ಒಂದನ್ನು ಪಕ್ಕದ ತೋಟದ ಆರ್ಡಿತ್‌ಗೆ ಕೊಟ್ಟುಬಂದೆ. ಅವಳ ಕೂಸಿಗೆ ಹಲ್ಲು ಬರುತ್ತಿದೆ, ಸಿಕ್ಕಿದ್ದೆಲ್ಲ ಬಾಯಿಗೆ. ಆರ್ಡಿತ್ ಫೋನ್ ಎತ್ತುತ್ತಿಲ್ಲ. ಅಲ್ಲಿಗೇ ಹೊರಟೆ.

ನೀನು ಫೋನ್ ಬಿಟ್ಟು ಕದಲಬೇಡ. ಅವಳೇ ಕರೆ ಮಾಡಿದರೆ, ಮೊದಲು ಕೂಸಿನ ಕೈಯಿಂದ ಕುಂಬಳ ಕಿತ್ತುಕೊಳ್ಳಲು ಹೇಳು. ಯಾಕೆಂದು ಆಮೇಲೆ ಹೇಳು.

ನಿನ್ನತ್ತೆ